ಹಿನ್ನೀರಿಗೆ ಹೊರಟಿದ್ದೀರಾ? ಮೊದಲು ನೀರು ಎಲ್ಲಿದೆ ಕೇಳಿ

ಶರಾವತಿ ಹಿನ್ನೀರಿಗೆ ನಾನು ಮೊದಲ ಸಲ ಹೋಗಿದ್ದು ಒಂದು ಆಗಸ್ಟ್‌ನಲ್ಲಿ. ಚೀಲದಲ್ಲಿ ಎರಡು ಜೀನ್ಸ್, ಒಂದು ದಪ್ಪನೆಯ ಟರ್ಕಿ ಟವೆಲ್, ಈಜುವ ಚಡ್ಡಿ, ಕೂಲಿಂಗ್ ಗ್ಲಾಸ್. ಬಸ್ಸಿಳಿದ ಅರ್ಧ ಗಂಟೆಗೆ ಒಂದು ಜೀನ್ಸ್ ನೆನೆಯಿತು, ಮರುದಿನ ಇನ್ನೊಂದು. ಟವೆಲ್ ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹೊಡೆಯತೊಡಗಿತು. ಉಳಿದುಕೊಂಡಿದ್ದ ಮನೆಯ ಅಮ್ಮ ನನ್ನ ಪ್ಯಾಂಟನ್ನು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿ, "ಇದು ಒಣಗೋದು ಇನ್ನು ದೀಪಾವಳಿಗೇ, ತಮ್ಮಾ" ಎಂದು ನಕ್ಕರು. ಕೊನೆಗೆ ಅವರ ಯಜಮಾನರ ಲುಂಗಿ ಉಟ್ಟುಕೊಂಡೇ ಮಳೆ ನೋಡಿದೆ.

ಎರಡನೇ ಸಲ ಹೋದದ್ದು ಏಪ್ರಿಲ್‌ನಲ್ಲಿ. ಬುದ್ಧಿ ಕಲಿತವನಂತೆ ರೇನ್‌ಕೋಟು, ಕೊಡೆ ಎಲ್ಲ ತುಂಬಿಕೊಂಡಿದ್ದೆ. ಅದೇ ಮನೆ, ಅದೇ ಜಗುಲಿ. ನೀರು ಮಾತ್ರ ಇರಲಿಲ್ಲ! ಆಗಸ್ಟ್‌ನಲ್ಲಿ ಅಂಗಳದಾಚೆಯ ಹಲಸಿನ ಮರದ ಬುಡಕ್ಕೇ ಬಂದು ನಿಂತಿದ್ದ ನೀರು ಈಗ ಕಾಲು ಗಂಟೆ ನಡೆದರೂ ಸಿಗಲಿಲ್ಲ. ಬಿರುಕುಬಿಟ್ಟ ಮಣ್ಣು, ಕಪ್ಪಗಾದ ಮರದ ಬೊಡ್ಡೆಗಳು, ಅವನ್ನೆಲ್ಲ ದಾಟಿದರೆ ಹೂಳು. ಆ ಹೂಳಿನಲ್ಲಿ ಸಿಕ್ಕಿಕೊಂಡ ನನ್ನ ಎಡಗಾಲಿನ ಹವಾಯಿ ಚಪ್ಪಲಿ ಇವತ್ತಿಗೂ ಅಲ್ಲೇ ಇದೆ.

ಎರಡು ಸಲವೂ ನಾನು ಮಾಡಿದ ತಪ್ಪು ಒಂದೇ. ಚೀಲ ತುಂಬುವಾಗ ಆಕಾಶದ ಬಗ್ಗೆ ಯೋಚಿಸಿದ್ದೆ, ನೀರಿನ ಬಗ್ಗೆ ಯೋಚಿಸಿರಲಿಲ್ಲ.

ದಡವೇ ಜಾಗ ಬದಲಿಸುವ ಊರು

ಹಿನ್ನೀರು ಕೆರೆಯಂತೆ ಕಂಡರೂ ಕೆರೆಯಲ್ಲ. ಕೆರೆಗೆ ಏರಿ ಇದೆ, ಮೆಟ್ಟಿಲಿದೆ, ದಡ ಇದ್ದಲ್ಲೇ ಇರುತ್ತದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಶರಾವತಿಯ ನೀರು ಕಣಿವೆ ಕಣಿವೆಗೂ ನುಗ್ಗಿ, ಗುಡ್ಡಗಳ ತಲೆಯನ್ನು ನಡುಗಡ್ಡೆಗಳಾಗಿ ಉಳಿಸಿ, ಊರು, ಗದ್ದೆ, ತೋಟಗಳನ್ನು ಮುಳುಗಿಸಿತು. ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಮಳೆ ಕೈಹಿಡಿದ ವರ್ಷ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ನೀರು ಅದರ ಹತ್ತಿರ ಬರುತ್ತದೆ. ಅಲ್ಲಿಂದ ವಿದ್ಯುತ್ತಿಗಾಗಿ ಬಿಟ್ಟಂತೆಲ್ಲ ಇಳಿಯುತ್ತ ಹೋಗಿ, ಬೇಸಿಗೆಯ ಕೊನೆಗೆ ಐವತ್ತು ಅಡಿಗೂ ಹೆಚ್ಚು ಕೆಳಗೆ ಹೋಗಿರುವ ವರ್ಷಗಳುಂಟು. ಅಂಥ ವರ್ಷ ಲಿಂಗನಮಕ್ಕಿಗೂ ಮುಂಚೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ತಲೆ ಎತ್ತುತ್ತದೆ.

ದಡ ಇಳಿಜಾರಾಗಿರುವುದರಿಂದ ನೀರು ಒಂದಡಿ ಇಳಿದರೆ ದಡ ಹತ್ತಾರು ಅಡಿ ಹಿಂದೆ ಸರಿಯುತ್ತದೆ. ಆಗಸ್ಟ್‌ನಲ್ಲಿ ದೋಣಿ ತೇಲುವಲ್ಲಿ ಏಪ್ರಿಲ್‌ನಲ್ಲಿ ದನ ಮೇಯುತ್ತಿರುತ್ತವೆ. ಕಬಿನಿ, ಭದ್ರಾದಲ್ಲೂ ಇದೇ ಕತೆ. ಕಬಿನಿಯಲ್ಲಿ ನೀರು ಸರಿದ ಬಯಲಿನ ಹಸಿ ಹುಲ್ಲಿಗೆ ಬೇಸಿಗೆಯಲ್ಲಿ ಆನೆಗಳ ಹಿಂಡು ಇಳಿಯುತ್ತದೆ. ಭದ್ರಾದಲ್ಲಿ ಹೊರಬಿದ್ದ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡುತ್ತವೆ. ಇವನ್ನು ನೋಡಲು ಹೋಗುವವರ ಚೀಲದಲ್ಲಿ ಬೈನಾಕ್ಯುಲರ್ ಇರಲೇಬೇಕು. ಮಳೆಗಾಲದಲ್ಲಿ ಹೋಗುವವರು ಅದನ್ನು ಮನೆಯಲ್ಲಿ ಬಿಟ್ಟರೆ ನಷ್ಟವಿಲ್ಲ.

ಆದ್ದರಿಂದ ಚೀಲವನ್ನು ಎರಡು ಗಂಟುಗಳಾಗಿ ಯೋಚಿಸಿ. ಒಂದು, ಯಾವ ತಿಂಗಳಾದರೂ ಬದಲಾಗದ ದೊಡ್ಡ ಗಂಟು. ಇನ್ನೊಂದು, ನೀರಿನ ಮಟ್ಟ ನೋಡಿ ಕಟ್ಟುವ ಚಿಕ್ಕ ಗಂಟು.

ಯಾವಾಗಲೂ ಬೇಕಾದ ಗಂಟು

ಬಟ್ಟೆಯಿಂದ ಶುರುಮಾಡೋಣ. ಜೀನ್ಸ್ ಬೇಡವೇ ಬೇಡ. ದಪ್ಪ ಹತ್ತಿಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಮೈಗೆ ಅಂಟಿಕೊಳ್ಳುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಯ ಕಾವನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ಒದ್ದೆ ಬಟ್ಟೆಯಲ್ಲಿ ದೋಣಿಯ ಮೇಲೆ ಕೂತರೆ ಸುಮ್ಮನೆ ಬೀಸುವ ಗಾಳಿಗೂ ಹಲ್ಲು ಕಟಕಟ ಎನ್ನುವುದು. ಆಟಗಾರರು ತೊಡುವ ಥರದ ತೆಳು ಟ್ರ್ಯಾಕ್‌ಪ್ಯಾಂಟು, ಅಂಥದೇ ಉದ್ದ ತೋಳಿನ ಟೀ ಶರ್ಟು ಎರಡು ಜೊತೆ ಸಾಕು. ಹಿಂಡಿ ಹರವಿದರೆ ಫ್ಯಾನಿನ ಗಾಳಿಗೂ ಒಣಗುತ್ತವೆ. ಇದಲ್ಲದೆ ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಅದು ರಾತ್ರಿ ಮಲಗಲಿಕ್ಕೆ ಮಾತ್ರ. ಎಂಥ ಆಸೆಯಾದರೂ ಹಗಲು ಅದನ್ನು ತೊಡಬಾರದು. ಟರ್ಕಿ ಟವೆಲಿನ ಬದಲು ತೆಳ್ಳನೆಯ ಬೈರಾಸು ಎರಡು. ತಲೆ ಒರೆಸಲು, ಬಿಸಿಲಿಗೆ ಕಟ್ಟಿಕೊಳ್ಳಲು, ಮರೆಯಾಗಿ ಬಟ್ಟೆ ಬದಲಿಸಲು, ಎಲ್ಲಕ್ಕೂ ಆಗುತ್ತದೆ.

ಕಾಲಿಗೆ ಹಿಮ್ಮಡಿ ಪಟ್ಟಿಯಿರುವ ಸ್ಯಾಂಡಲ್. ಹವಾಯಿ ಚಪ್ಪಲಿಯನ್ನು ಹೂಳು ಎಳೆದುಕೊಳ್ಳುತ್ತದೆ. ಬರಿಗಾಲಿನಲ್ಲಿ ಇಳಿದರೆ ಬೊಡ್ಡೆಯ ಚೂರು, ಚಿಪ್ಪು, ಯಾರೋ ಒಡೆದು ಬಿಸಾಡಿದ ಬಾಟಲಿ. ಕಾಲಿಗೆ ಗಾಯವಿದ್ದರೆ ನೀರು ತಾಕದಂತೆ ಪಟ್ಟಿ ಹಾಕಿಕೊಳ್ಳಿ. ಇಲಿಜ್ವರದ ರೋಗಾಣು ಇಂಥ ಗಾಯದ ಮೂಲಕ ಒಳಸೇರಬಹುದು.

ಮೊಬೈಲಿಗೆ ನೀರು ಹೋಗದ ಕವರು ಕೊಳ್ಳುತ್ತೀರಿ, ಸರಿ. ಅದನ್ನು ಮನೆಯಲ್ಲೇ ಪರೀಕ್ಷಿಸಿ. ಕವರಿನೊಳಗೆ ಟಿಶ್ಯೂ ಪೇಪರ್ ಇಟ್ಟು ಮುಚ್ಚಿ, ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಅದುಮಿ ಹಿಡಿಯಿರಿ. ಪೇಪರ್ ಗರಿಗರಿಯಾಗಿದ್ದರೆ ಮಾತ್ರ ಮೊಬೈಲು ಒಳಗೆ ಹೋಗಲಿ. ಸೂಟ್‌ಕೇಸ್ ಬೇಡ, ಬೆನ್ನಿಗೆ ಹಾಕುವ ಚೀಲವೇ ಲೇಸು. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ತೆರೆದ ಮೇಲೆ ಸಿಗಂದೂರಿನವರೆಗೆ ಕಾರೇ ಹೋಗುತ್ತದೆ, ನಿಜ. ಆದರೆ ಹಿನ್ನೀರಿನ ಎಷ್ಟೋ ಮೂಲೆಗಳಿಗೆ ಈಗಲೂ ದೋಣಿಯೋ ಕಾಲ್ನಡಿಗೆಯೋ ಗತಿ. ಚಕ್ರದ ಪೆಟ್ಟಿಗೆ ಕೆಸರಿನಲ್ಲಿ ಉರುಳುವುದಿಲ್ಲ. ಬೆನ್ನಿನ ಚೀಲದೊಳಗೆ ದಪ್ಪನೆಯ ಪ್ಲಾಸ್ಟಿಕ್ ಚೀಲವೊಂದನ್ನು ಅಸ್ತರಿನಂತೆ ಹರಡಿ, ಅದರೊಳಗೆ ಬಟ್ಟೆ ಜೋಡಿಸಿ ಬಾಯಿ ತಿರುಚಿ ಕಟ್ಟಿದರೆ ಮಳೆ ಹೊರಗೇ ಉಳಿಯುತ್ತದೆ.

ಒಂದು ಹೆಡ್‌ಲ್ಯಾಂಪ್ ಅಥವಾ ಟಾರ್ಚ್, ಚಾರ್ಜ್ ತುಂಬಿದ ಪವರ್‌ಬ್ಯಾಂಕ್, ಚಿಲ್ಲರೆ ನೋಟು. ಇಡೀ ರಾಜ್ಯಕ್ಕೆ ಕರೆಂಟು ಕೊಟ್ಟ ನೀರಿನ ದಡದಲ್ಲೇ ಕರೆಂಟು ಹೋಗುವುದು ಮಾಮೂಲು. ಸಿಗ್ನಲ್ ಇಲ್ಲದ ಕಡೆ ಫೋನ್‌ಪೇ ನಡೆಯುವುದಿಲ್ಲ. ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಬೇಡಿ, ಉಳಿದ ಮನೆಯಲ್ಲಿ ಕಾಯಿಸಿದ ನೀರನ್ನು ಸ್ಟೀಲ್ ಬಾಟಲಿಗೆ ತುಂಬಿಸಿಕೊಳ್ಳಿ. ಔಷಧಿ ಡಬ್ಬಿಯಲ್ಲಿ ಓಆರ್‌ಎಸ್ ಪೊಟ್ಟಣ, ಪ್ಯಾರಾಸಿಟಮಾಲ್, ಗಾಯಕ್ಕೆ ಹಚ್ಚುವ ಮುಲಾಮು, ಬ್ಯಾಂಡೇಜ್ ಮತ್ತು ನೀವು ದಿನಾ ನುಂಗುವ ಮಾತ್ರೆಗಳು, ಎರಡು ದಿನಕ್ಕೆ ಹೆಚ್ಚೇ ಇರಲಿ.

ಲೈಫ್ ಜಾಕೆಟ್: ಇದರ ವಿಷಯದಲ್ಲಿ ಸಂಕೋಚ ಬೇಡ

ಎಲ್ಲಕ್ಕಿಂತ ಮುಖ್ಯವಾದ ಈ ವಸ್ತುವನ್ನು ನೀವು ಹೊತ್ತೊಯ್ಯಬೇಕಿಲ್ಲ, ದೋಣಿಯವರು ಕೊಡಬೇಕು. ಆದರೆ ಪರೀಕ್ಷೆ ನಿಮ್ಮದು. ತೊಟ್ಟು ಎಲ್ಲ ಬಕಲ್ ಹಾಕಿ, ಪಟ್ಟಿ ಬಿಗಿದುಕೊಳ್ಳಿ. ಹೆಗಲ ಮೇಲೆ ಜಾಕೆಟನ್ನು ಹಿಡಿದು ಮೇಲಕ್ಕೆ ಎಳೆಯಲು ಜೊತೆಯವರಿಗೆ ಹೇಳಿ. ಅದು ಗಲ್ಲ ದಾಟಿ ಕಿವಿಯವರೆಗೆ ಬಂದರೆ ಸಡಿಲ ಎಂದರ್ಥ. ನೀರಿಗೆ ಬಿದ್ದಾಗ ಜಾಕೆಟ್ ತೇಲುತ್ತದೆ, ನೀವು ಕೆಳಗೆ ಜಾರುತ್ತೀರಿ. ಮಕ್ಕಳಿಗೆ ಕಾಲುಸಂದಿಯಿಂದ ಬರುವ ಪಟ್ಟಿಯಿರುವ ಚಿಕ್ಕ ಜಾಕೆಟ್ಟೇ ಬೇಕು. ದೊಡ್ಡವರದನ್ನು ಸುತ್ತಿ ಕಟ್ಟಿದರೆ ಆಗದು. ಮಕ್ಕಳೊಂದಿಗೆ ಹೋಗುವವರು ಸ್ವಂತದ್ದೊಂದು ಕೊಂಡೊಯ್ಯುವುದೇ ಒಳ್ಳೆಯದು. ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿ. ಕೂಗು ಕೇಳದಷ್ಟು ದೂರಕ್ಕೂ ಸೀಟಿ ಕೇಳುತ್ತದೆ.

"ನನಗೆ ಈಜು ಬರುತ್ತೆ" ಎನ್ನುವವರು ಎರಡು ಸಂಗತಿ ತಿಳಿದಿರಬೇಕು. ಸಿಹಿನೀರು ಸಮುದ್ರದ ನೀರಿಗಿಂತ ಶೇ 2.5ರಷ್ಟು ಹಗುರ. ಮಲ್ಪೆಯಲ್ಲೋ ಗೋಕರ್ಣದಲ್ಲೋ ತೇಲಿದಷ್ಟು ಸಲೀಸಾಗಿ ಇಲ್ಲಿ ಮೈ ತೇಲುವುದಿಲ್ಲ. ಎರಡನೆಯದಾಗಿ, ಕೆಳಗಿರುವುದು ಸಮತಟ್ಟಾದ ನೆಲವಲ್ಲ, ಮುಳುಗಿದ ಊರು. ಗದ್ದೆಯ ಅಂಚು, ಧರೆ, ಮರದ ಬೊಡ್ಡೆ ಎಲ್ಲ ಅಲ್ಲಲ್ಲೇ ಇವೆ. ಮೊಣಕಾಲು ಮಟ್ಟದ ನೀರಿನಲ್ಲಿ ನಡೆಯುತ್ತಿದ್ದವರಿಗೆ ಮುಂದಿನ ಹೆಜ್ಜೆಗೆ ನೆಲವೇ ಸಿಗದೆ ಹೋಗಬಹುದು.

ಮಳೆಗಾಲದ ಗಂಟು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆಗಿಂತ ಮೊಣಕಾಲು ದಾಟುವ ರೇನ್‌ಕೋಟು ವಾಸಿ. ಮಲೆನಾಡಿನವರು ಹಿಂದೆ ಕಂಬಳಿ ಕೊಪ್ಪೆ ಹಾಕಿ ಕೈಬೀಸಿ ನಡೆಯುತ್ತಿದ್ದರಲ್ಲ, ಅದರ ತರ್ಕವೂ ಇದೇ: ಕೈ ಎರಡೂ ಖಾಲಿ ಇರಬೇಕು, ಜಾರಿದರೆ ಹಿಡಿದುಕೊಳ್ಳಲು. ಬಟ್ಟೆ ನೇತುಹಾಕಲು ನಾಲ್ಕು ಮಾರು ನೈಲಾನ್ ಹಗ್ಗ, ಒದ್ದೆ ಬಟ್ಟೆಗೆ ಬೇರೆ ಕವರು, ಒದ್ದೆ ಶೂಗೆ ತುರುಕಲು ಹಳೇ ದಿನಪತ್ರಿಕೆ.

ಇನ್ನು ಉಂಬಳ, ಕೆಲವೆಡೆ ಇಂಬಳ ಎನ್ನುತ್ತಾರೆ. ಉದ್ದನೆಯ ಸಾಕ್ಸಿನೊಳಗೆ ಪ್ಯಾಂಟಿನ ತುದಿ ಸೇರಿಸಿ. ಅಂಚಿಗೆ ಹೊಗೆಸೊಪ್ಪಿನ ನೀರು ಅಥವಾ ಸುಣ್ಣ ಸವರಿಕೊಳ್ಳುವುದು ಊರವರ ಉಪಾಯ. ಕಚ್ಚಿಕೊಂಡರೆ ಬೆಂಕಿ ಮುಟ್ಟಿಸುವುದು, ಎಳೆದು ಕೀಳುವುದು ಬೇಡ. ಬಾಯಿ ಹತ್ತಿರ ಉಗುರು ಒತ್ತಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ಜೊಲ್ಲು ಸೇರಿಸಿರುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಸೋರುತ್ತದೆ. ಹೆದರದೆ ತೊಳೆದು, ಹತ್ತಿ ಒತ್ತಿ ಹಿಡಿಯಿರಿ.

ಗಾಳಿ ಮಳೆಯ ದಿನ ದೋಣಿ ಇಳಿಯುವುದಿಲ್ಲ. ಜಗುಲಿಯಲ್ಲಿ ಕೂರಲು ಒಂದು ಪುಸ್ತಕ ಬೇಕು. ಸಾಗರದವರೇ ಆದ ನಾ. ಡಿಸೋಜ ಅವರ 'ದ್ವೀಪ' ಇಟ್ಟುಕೊಳ್ಳಿ. ಅಣೆಕಟ್ಟಿನ ನೀರು ಏರುತ್ತಿರುವಾಗ ಊರು ಬಿಡಲಾಗದ ಕುಟುಂಬದ ಕಾದಂಬರಿ ಅದು. ಓದಿ ತಲೆ ಎತ್ತಿದರೆ ಎದುರಿನ ನೀರು ಬೇರೆಯಾಗಿಯೇ ಕಾಣುತ್ತದೆ.

ಚಳಿಗಾಲದ ಗಂಟು

ನವೆಂಬರ್‌ನಿಂದ ಫೆಬ್ರುವರಿ ಎಲ್ಲರಿಗೂ ಹಿತವಾದ ಕಾಲ. ಮಧ್ಯಾಹ್ನ ಬಿಸಿಲು, ಬೆಳಗಿನ ಜಾವ ನೀರಿನಿಂದ ಹಬೆ ಏಳುವಂಥ ಮಂಜು. ನೀರು ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ. ರಾತ್ರಿ ಗುಡ್ಡದಿಂದಿಳಿದ ತಣ್ಣನೆಯ ಗಾಳಿ ಇನ್ನೂ ಬೆಚ್ಚಗಿರುವ ನೀರಿನ ಮೇಲೆ ಕೂತಾಗ ಆ ಮಂಜು ಹುಟ್ಟುತ್ತದೆ. ಸೂರ್ಯೋದಯಕ್ಕೆ ದೋಣಿ ಹತ್ತುವವರು ಒಂದು ದಪ್ಪ ಸ್ವೆಟರಿಗಿಂತ ತೆಳುವಾದ ಎರಡು ಪದರ ತೊಡಲಿ. ಒಂಬತ್ತು ಗಂಟೆಗೆ ಒಂದೊಂದೇ ಬಿಚ್ಚಬೇಕಾಗುತ್ತದೆ. ಕಿವಿಗೆ ಟೋಪಿ ಅಥವಾ ಮಫ್ಲರ್ ಇರಲಿ.

ಆದರೆ ಇದೇ ಕಾಲಕ್ಕೆ ಮಂಗನ ಕಾಯಿಲೆಯೂ ಕಾಣಿಸಿಕೊಳ್ಳುತ್ತದೆ. ಇದು ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ 2018–19ರಲ್ಲಿ ಹಲವರನ್ನು ಬಲಿ ತೆಗೆದುಕೊಂಡಿತು. ಹರಡುವುದು ಉಣುಗಿನಿಂದ. ಎಳೆಯ ಉಣುಗು ಕಣ್ಣಿಗೆ ಬೀಳದಷ್ಟು ಸಣ್ಣದು. ಚಳಿಗಾಲದಿಂದ ಮಳೆ ಬೀಳುವವರೆಗೂ ಕಾಡಿನಂಚಿಗೆ ಹೋಗುವವರು ತುಂಬುತೋಳಿನ, ತಿಳಿಬಣ್ಣದ ಬಟ್ಟೆ ತೊಡಿ. ತರಗೆಲೆಯ ಮೇಲೆ ಕೂರಬೇಡಿ, ಒಂದು ಪ್ಲಾಸ್ಟಿಕ್ ಹಾಳೆ ಹಾಸಿಕೊಳ್ಳಿ. ಮೈಗೆ ಹಚ್ಚುವ ಡೆಪಾ ಎಣ್ಣೆಯ ಬಗ್ಗೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಮರಳಿ ಬಂದೊಡನೆ ಬಿಸಿನೀರಿನ ಸ್ನಾನ, ತೊಟ್ಟ ಬಟ್ಟೆಯೂ ಬಿಸಿನೀರಿಗೆ. ಊರಿಗೆ ಬಂದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಮರೆಯದೆ ಹೇಳಿ.

ಬೇಸಿಗೆಯ ಗಂಟು

ಮಾರ್ಚ್‌ನಿಂದ ಮೇವರೆಗೆ ನಡಿಗೆ ಹೆಚ್ಚು, ನೆರಳು ಕಡಿಮೆ. ನೀರು ಸರಿದ ಬಯಲಿನಲ್ಲಿ ಒಂದು ಮರವೂ ಇರುವುದಿಲ್ಲ. ದೋಣಿಯಲ್ಲಿ ಬಿಸಿಲು ಮೇಲಿನಿಂದಷ್ಟೇ ಅಲ್ಲ, ನೀರಿನಿಂದ ಪುಟಿದೂ ಮುಖಕ್ಕೆ ಹೊಡೆಯುತ್ತದೆ. ಟೋಪಿಯೊಂದೇ ಸಾಲದು. ಸನ್‌ಸ್ಕ್ರೀನನ್ನು ಗಲ್ಲದ ಕೆಳಗೆ, ಕತ್ತಿಗೆ, ಕಿವಿಗೆ ಹಚ್ಚಿ. ನೀರಿಗಿಳಿದು ಬಂದ ಮೇಲೆ ಮತ್ತೆ ಹಚ್ಚಿ. ಪೋಲರೈಸ್ಡ್ ಕನ್ನಡಕ ನೀರಿನ ಪ್ರಖರ ಹೊಳಪನ್ನು ತಡೆಯುತ್ತದೆ, ಅದಕ್ಕೊಂದು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳಿ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ನೀರು ತೀರಾ ಇಳಿದಾಗ, ಹಿನ್ನೀರು ದಾಟಿಸುವ ಲಾಂಚ್‌ಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಿದ ವರ್ಷಗಳಿವೆ. ಲಾಂಚ್‌ನಲ್ಲಿ ದಾಟಿ ಹೋಗುವವರು ಮೊದಲೇ ವಿಚಾರಿಸಿ.

ಬಿಟ್ಟು ಹೋಗಬೇಕಾದದ್ದು

ಬ್ಲೂಟೂತ್ ಸ್ಪೀಕರ್ ಬೇಡ. ನೀರಿನ ಮೇಲೆ ಸದ್ದು ಆಚೆ ದಡಕ್ಕೂ ಹೋಗುತ್ತದೆ, ಅಲ್ಲಿ ಮನೆಗಳಿವೆ. ಗಾಳಿ ತುಂಬುವ ಆಟದ ಟ್ಯೂಬ್ ಬೇಡ, ಗಾಳಿಗೆ ಅದು ಮಗುವಿನ ಸಮೇತ ಒಳಗೆ ಹೋಗಿಬಿಡುತ್ತದೆ. ಮದ್ಯ ಮತ್ತು ನೀರು ಜೊತೆಗೂಡಬಾರದು. ಅನುಮತಿ ಇಲ್ಲದ ಕಡೆ ಟೆಂಟು ಹಾಕುವ, ಬೆಂಕಿ ಉರಿಸುವ ಯೋಚನೆಯೂ ಬೇಡ. ಸುತ್ತ ಇರುವುದು ಅಭಯಾರಣ್ಯ. ಬದಲಿಗೆ ಕಸ ತುಂಬಿ ತರಲು ಎರಡು ಖಾಲಿ ಗೋಣಿಚೀಲ ಮಡಚಿ ಇಟ್ಟುಕೊಳ್ಳಿ. ಆಗಸ್ಟ್‌ನಲ್ಲಿ ದಡದಲ್ಲಿ ಬಿಟ್ಟ ಚಿಪ್ಸ್ ಪೊಟ್ಟಣ ಏಪ್ರಿಲ್‌ನಲ್ಲಿ ಹೂಳಿನಿಂದ ಮೇಲೇಳುತ್ತದೆ, ಬಣ್ಣವೂ ಮಾಸದೆ. ನಾನು ಚಪ್ಪಲಿ ಕಳೆದುಕೊಂಡ ಜಾಗದಲ್ಲಿ ಅಂಥವನ್ನು ಕೈತುಂಬ ಹೆಕ್ಕಿದ್ದೇನೆ.

ಹೊರಡುವ ಮುನ್ನ ಎರಡು ಕೆಲಸ ಮಾಡಿ. ಮಳೆಗಾಲವಾದರೆ ಪತ್ರಿಕೆಯಲ್ಲಿ ಜಲಾಶಯಗಳ ಮಟ್ಟ ಕೊಡುವ ಪಟ್ಟಿ ನೋಡಿ, 1819ಕ್ಕೆ ಇನ್ನೆಷ್ಟು ಅಡಿ ಬಾಕಿ ಲೆಕ್ಕ ಹಾಕಿ. ಯಾವ ಕಾಲವಾದರೂ ಸರಿ, ಉಳಿಯುವ ಮನೆಯವರಿಗೆ ಫೋನ್ ಮಾಡಿ, ರೂಮಿನಲ್ಲಿ ಗೀಸರ್ ಇದೆಯಾ ಎಂದು ಕೇಳುವ ಮೊದಲು "ನೀರು ಈಗ ಎಲ್ಲಿದೆ?" ಎಂದು ಕೇಳಿ. ಅವರ ಉತ್ತರದ ಮೇಲೆ ಚಿಕ್ಕ ಗಂಟು ಕಟ್ಟಿ.