ಅರಮನೆಯ ರಥ, ಸಂಸಾರದ ಮೋಟಾರು

ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮವರು ಬಿಡುವಿನ ದಿನ ಚಾರ್‌ಮಿನಾರಿನತ್ತ ಹೋದರೆ ಚೌಮಹಲ್ಲಾ ಅರಮನೆಯನ್ನು ನೋಡದೆ ಹಿಂದಿರುಗುವುದು ವಿರಳ. ಅಲ್ಲಿ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಗೋಸ್ಟ್ ಒಂದು ನಿಂತಿದೆ. ಅದನ್ನು ಇಂಗ್ಲೆಂಡಿನಿಂದ ತರಿಸಲು ಅಪ್ಪಣೆಯಿತ್ತವರು ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು. 1911ರಲ್ಲಿ ಅವರು ಕಾಲವಾದ್ದರಿಂದ ಗಾಡಿ ಸೇರಿದ್ದು ಪುತ್ರ ಮೀರ್ ಉಸ್ಮಾನ್ ಅಲಿ ಖಾನರಿಗೆ. ಹಿಂದಿನ ಆಸನವನ್ನು ಸಿಂಹಾಸನದಂತೆ ಎತ್ತರಿಸಿರುವ ಈ ವಾಹನವು ರಾಜಸೇವೆಯ ಅಷ್ಟು ವರ್ಷಗಳಲ್ಲಿ ನಾನೂರು ಮೈಲಿಯನ್ನೂ ಓಡಲಿಲ್ಲವೆಂದು ಹೇಳುತ್ತಾರೆ. ಜೀರ್ಣೋದ್ಧಾರಗೊಂಡು ಥಳಥಳಿಸುವ ಅದರ ಅಂದಕ್ಕೆ ನಾವೂ ಮರುಳಾದವರೇ. ಆದರೆ ಅದು ತೇರು, ಉತ್ಸವಕ್ಕಲ್ಲದೆ ಬೀದಿಗಿಳಿಯುವಂಥದಲ್ಲ.

ಗುಮಾಸ್ತನೊಬ್ಬನು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕನಸು ಕಾಣಬಹುದಾಗಿದ್ದ ಬ್ರಿಟಿಷ್ ಮೋಟಾರು ಬೇರೆ. ಅದರ ಹೆಸರು ಮಾರಿಸ್ ಮೈನರ್. 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ರೂಪಿಸಿದವನು ಅಲೆಕ್ ಇಸಿಗೋನಿಸ್. ತಯಾರಾದ ಮಾದರಿ ತೀರ ಸಪೂರವೆನಿಸಲು, ಆತ ಅದನ್ನು ಉದ್ದಕ್ಕೆ ಎರಡಾಗಿ ಸೀಳಿಸಿ, ಕಣ್ಣಳತೆಯಿಂದಲೇ ನಾಲ್ಕು ಅಂಗುಲ ಅಗಲಮಾಡಿದ. ಬಾನೆಟ್ಟಿನ ನಡುವೆ ಸಾಗುವ ಚಪ್ಪಟೆಯ ಪಟ್ಟಿ ಆ ಸೀಳಿನ ಗುರುತು. ಯಜಮಾನನಾದ ಲಾರ್ಡ್ ನಫೀಲ್ಡನಿಗೆ ಅದು ಬೇಯಿಸಿದ ಮೊಟ್ಟೆಯಂತೆ ತೋರಿತಂತೆ! ಆದರೂ 1971ರೊಳಗೆ ಹದಿನಾರು ಲಕ್ಷ ಗಾಡಿಗಳು ತಯಾರಾದವು. ನಮ್ಮ ದೇಶದಲ್ಲಿ ಹಿಂದೂಸ್ಥಾನ್ ಮೋಟಾರ್ಸಿನವರು ಇದನ್ನೇ ‘ಬೇಬಿ ಹಿಂದೂಸ್ಥಾನ್’ ಎಂದು ಹೊರತಂದರು. 2014ರವರೆಗೆ ಉತ್ತರಪಾರಾದಲ್ಲಿ ಸಿದ್ಧವಾಗುತ್ತಿದ್ದ ಅಂಬಾಸಿಡರ್ ಇದರ ಅಣ್ಣನಾದ ಮಾರಿಸ್ ಆಕ್ಸ್‌ಫರ್ಡಿನ ಸಂತಾನ.

ಇಂಥ ಗಾಡಿಯೊಂದನ್ನು ಸಂಪೂರ್ಣವಾಗಿ ಸರಿಪಡಿಸಿದ್ದೇವೆಂದು ಯಾರಾದರೂ ಹೇಳಿದರೆ ನಾವು ಬಣ್ಣವನ್ನು ಕೊನೆಗೆ ನೋಡುವೆವು. ಮೈನರಿಗೆ ಪ್ರತ್ಯೇಕ ಚಾಸಿಯೆಂಬುದಿಲ್ಲ. ತಳದ ತಗಡು, ಬಾಗಿಲ ಕೆಳಗಿನ ಪಟ್ಟಿ, ಗೋಡೆ ಇವೆಲ್ಲ ಕೂಡಿಯೇ ಭಾರ ಹೊರಬೇಕು. ಮಳೆನೀರು ಕಂಬಳಿಯಡಿ ನಿಂತು ತಳ ತುಕ್ಕು ಹಿಡಿಯಿತೆಂದರೆ ಗಾಡಿಯ ಬೆನ್ನೆಲುಬೇ ಮುರಿದಂತೆ. ಅದರ ಮೇಲೆ ಹೊಸ ತಗಡನ್ನು ಹೊದಿಸಿ ಡಾಂಬರು ಬಳಿದರೆ ಮೆರವಣಿಗೆಯ ದಿನಕ್ಕೆ ಸಾಕಾದೀತು, ಮುಂದಿನ ಮಳೆಗಾಲಕ್ಕೆ ಸಾಲದು. ಕೊಳೆತದ್ದನ್ನು ಕತ್ತರಿಸಿ, ಗಟ್ಟಿ ತಗಡು ಸಿಗುವವರೆಗೆ ಹಿಂದೆ ಸರಿದು ಅಲ್ಲಿಂದ ಬೆಸೆಯಬೇಕು. ಬೆಸೆಯುವಾಗ ಬಾಗಿಲ ಚೌಕಟ್ಟಿಗೆ ಆಧಾರ ಕೊಡದಿದ್ದರೆ ಮೈ ಬಾಗುತ್ತದೆ. ಆಮೇಲೆ ಯಾವ ಬಾಗಿಲೂ ನೆಟ್ಟಗೆ ಮುಚ್ಚದು. ಎಂಜಿನ್ನಿನ ಕೆಲಸ ಇದಕ್ಕಿಂತ ಸುಲಭ.

ಹಜಾರದ ಕನ್ನಡಿ ಮೇಜುಗಳನ್ನು ಹೊಗಳುವ ಗಿರಾಕಿ ಅಡುಗೆಮನೆಯತ್ತ ಇಣುಕುವುದಿಲ್ಲವೆಂಬುದು ಹೋಟೆಲಿನಲ್ಲಿ ದುಡಿಯುವ ನಮ್ಮ ಓದುಗರಿಗೆ ಹೇಳಬೇಕಾದ ಮಾತಲ್ಲ. ಮೋಟಾರಿನಲ್ಲಿಯೂ ಹಾಗೆಯೇ. ಪ್ರದರ್ಶನದ ಫಲಕದಲ್ಲಿ ಒಡೆಯನ ಹೆಸರಿರುತ್ತದೆ; ಗಾಡಿಯಡಿ ಅಂಗಾತ ಮಲಗಿ ಬೆಸೆದವನ ಹೆಸರಿರುವುದಿಲ್ಲ. ಅದನ್ನೂ ಬರೆಸಬೇಕೆಂಬುದು ನಮ್ಮ ಅಭಿಪ್ರಾಯ.

ಹಳೆಯ ಮೈನರಿನ ಬಾಗಿಲ ಹಿಂದೆ ದಿಕ್ಕು ತೋರಿಸುವ ಪುಟ್ಟ ಕೈಯೊಂದು ಅಡಗಿರುತ್ತದೆ. 1961ರವರೆಗಿನ ಗಾಡಿಗಳಲ್ಲಿ ತಿರುಗುವ ಮುನ್ನ ಅದು ಹೊರಕ್ಕೆ ಚಾಚಿ ಬೆಳಗುತ್ತಿತ್ತು. ಇಂದಿನ ಅಬಿಡ್ಸಿನ ಜನಸಂದಣಿಯಲ್ಲಿ ಅದನ್ನು ಯಾರೂ ಗಮನಿಸರು. ಅದರ ಜೊತೆಗೆ ಮಿನುಗುದೀಪವನ್ನೂ ಅಳವಡಿಸಿಕೊಂಡರೆ ಶುದ್ಧತೆಗೆ ಭಂಗವೆಂದು ನಾವಂತೂ ಮೂಗು ಮುರಿಯೆವು.