ಲ್ಯಾಕ್ಟೋಸ್ ಫ್ರೀ ಹಾಲಿನಲ್ಲಿ ಸಕ್ಕರೆ ಇರುವುದಿಲ್ಲವೇ?

ಶುಗರ್ ಇದೆ, ಜೊತೆಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಇಂಥವರಿಗೆ ಸಿಗುವ ಒಂದು ಸಲಹೆ: "ಲ್ಯಾಕ್ಟೋಸ್ ಫ್ರೀ ಹಾಲು ತಗೊಳ್ಳಿ, ಅದರಲ್ಲಿ ಸಕ್ಕರೆಯೇ ಇರಲ್ಲ, ಎಷ್ಟಾದರೂ ಕುಡಿಯಬಹುದು." ಹೊಟ್ಟೆಯ ಮಟ್ಟಿಗೆ ಈ ಸಲಹೆ ಸರಿ. ಶುಗರ್ ಮಟ್ಟಿಗೆ ತಪ್ಪು.

ಲ್ಯಾಕ್ಟೋಸ್ ಎಂದರೆ ಹಾಲಿನಲ್ಲಿ ಸಹಜವಾಗಿಯೇ ಇರುವ ಸಕ್ಕರೆ. 100 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 5 ಗ್ರಾಂ ಇರುತ್ತದೆ. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಬಾಲ್ಯ ಕಳೆದ ಮೇಲೆ ಬಹಳ ಜನರಲ್ಲಿ ಈ ಕಿಣ್ವ ಕಡಿಮೆಯಾಗುತ್ತದೆ. ಆಗ ಜೀರ್ಣವಾಗದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುಳಿತು ಗ್ಯಾಸ್ ಆಗುತ್ತದೆ. ಲ್ಯಾಕ್ಟೋಸ್ ಫ್ರೀ ಹಾಲು ತಯಾರಿಸುವವರು ಸಾಮಾನ್ಯವಾಗಿ ಈ ಕಿಣ್ವವನ್ನು ಹಾಲಿಗೇ ಸೇರಿಸುತ್ತಾರೆ. ಲ್ಯಾಕ್ಟೋಸ್ ಒಡೆದು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗುತ್ತದೆ, ಅಷ್ಟೇ. ಸಕ್ಕರೆ ಎಲ್ಲಿಗೂ ಹೋಗಿಲ್ಲ. ಆ ಹಾಲು ನಾಲಿಗೆಗೆ ತುಸು ಸಿಹಿ ಎನಿಸುವುದೂ ಇದೇ ಕಾರಣಕ್ಕೆ. ಪ್ಯಾಕೆಟ್ ಹಿಂದೆ ಕಾರ್ಬೋಹೈಡ್ರೇಟ್ ಎಷ್ಟಿದೆ ಎಂದು ಒಮ್ಮೆ ನೋಡಿ.

ಹಾಗಂತ ಹಾಲನ್ನು ಪೂರ್ತಿ ಬಿಡಬೇಕಿಲ್ಲ. ಈ ತೊಂದರೆ ಇರುವ ಬಹುತೇಕರಿಗೆ ಒಂದು ಸಲಕ್ಕೆ 12 ಗ್ರಾಂವರೆಗೆ, ಅಂದರೆ ಒಂದು ಲೋಟ ಹಾಲಿನಷ್ಟು ಲ್ಯಾಕ್ಟೋಸ್ ಹೆಚ್ಚು ಕಾಡದೆ ಜೀರ್ಣವಾಗುತ್ತದೆ, ಅದರಲ್ಲೂ ಊಟದ ಜೊತೆ ತೆಗೆದುಕೊಂಡರೆ. ಕಾಫಿಗೆ ಹಾಕುವ ಹಾಲು ಇದಕ್ಕಿಂತ ಬಹಳ ಕಡಿಮೆ. ಮೊಸರು ಇನ್ನೂ ಸುಲಭ, ಅದರಲ್ಲಿರುವ ಬ್ಯಾಕ್ಟೀರಿಯಾಗಳೇ ಲ್ಯಾಕ್ಟೋಸ್ ಒಡೆಯಲು ನೆರವಾಗುತ್ತವೆ. ಕ್ಯಾಲ್ಸಿಯಂ ಚಿಂತೆಯಿದ್ದರೆ ರಾಗಿ ಇದೆ: 100 ಗ್ರಾಂನಲ್ಲಿ ಸುಮಾರು 350 ಮಿ.ಗ್ರಾಂ. ಆದರೆ ಮುದ್ದೆಯೂ ಪಿಷ್ಟವೇ. "ರಾಗಿ ಅಲ್ವಾ" ಎಂದು ಎರಡು ಮುದ್ದೆ ಉಂಡರೆ ಶುಗರ್ ಏರದೇ ಇರುವುದಿಲ್ಲ.

ಇನ್ನೊಂದು ಮಾತು. ಹೊಟ್ಟೆ ಉಬ್ಬರಕ್ಕೆಲ್ಲ ಹಾಲನ್ನೇ ದೂರಬೇಡಿ. ಮೆಟ್‌ಫಾರ್ಮಿನ್ ಮಾತ್ರೆಯಿಂದಲೂ ಭೇದಿ ಆಗಬಹುದು. ವೊಗ್ಲಿಬೋಸ್, ಅಕಾರ್ಬೋಸ್ ಮಾತ್ರೆಗಳಿಂದ ಗ್ಯಾಸ್ ಸಾಮಾನ್ಯ. ಶುಗರ್ ಫ್ರೀ ಸ್ವೀಟ್, ಚಾಕೊಲೇಟ್‌ಗಳಿಗೆ ಹಾಕುವ ಮಾಲ್ಟಿಟಾಲ್, ಸಾರ್ಬಿಟಾಲ್ ಕೂಡ ಇದನ್ನೇ ಮಾಡುತ್ತವೆ. ಮಾತ್ರೆಯ ಮೇಲೆ ಅನುಮಾನ ಬಂದರೆ ನೀವಾಗಿಯೇ ನಿಲ್ಲಿಸದೆ ವೈದ್ಯರಿಗೆ ಹೇಳಿ.

ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಜೊತೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರ ಮನೆಯಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಶುಗರ್ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಶುರುವಾದಾಗ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಅದು ಒಡೆಯುವುದನ್ನೇ ಈ ಮಾತ್ರೆ ತಡೆದಿರುತ್ತದೆ. ಹಾಲು ಕೊಟ್ಟು ಕಾಯುವುದೂ ಬೇಡ. ಮೂರು ಟೀ ಚಮಚ ಗ್ಲೂಕೋಸ್ ಪುಡಿಯನ್ನು ನೀರಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಇದರಲ್ಲಿ ಲ್ಯಾಕ್ಟೋಸ್ ಇಲ್ಲ, ಹೊಟ್ಟೆಗೂ ತೊಂದರೆಯಿಲ್ಲ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ.