ಏಳಲೊಲ್ಲದ ಯಂತ್ರ

ಕೇಳುಗ ಮಿತ್ರರಲ್ಲಿ ಕೆಲವರ ಮನೆಯ ಅಟ್ಟದ ಮೇಲಾದರೂ ಹಳೆಯ ಕಂಪ್ಯೂಟರೊಂದು ಧೂಳು ಹಿಡಿದು ಕುಳಿತಿರಬಹುದು. ನಮ್ಮ ಮನೆಯದು 2003ರಲ್ಲಿ ಕೊಂಡದ್ದು. ಅದರ ನೆನಪಾದುದು ನನ್ನ ಸೋದರತ್ತೆ ತೀರಿಕೊಂಡ ಮೇಲೆ. ಆಕೆ ಹಾಡುತ್ತಿದ್ದ ಬೀಸುವ ಪದಗಳನ್ನು ನಾನು ಅದರಲ್ಲಿ ಬೆರಳಚ್ಚು ಮಾಡಿಟ್ಟಿದ್ದೆ; ಬೇರೆ ಪ್ರತಿ ಇರಲಿಲ್ಲ. ಕೆಳಗಿಳಿಸಿ ಗುಂಡಿಯೊತ್ತಿದರೆ ಫ್ಯಾನು ತಿರುಗಿತು, ಕಪ್ಪು ತೆರೆಯ ಮೇಲೆ ಎರಡು ಸಾಲು ಮೂಡಿದವು, ಅಷ್ಟಕ್ಕೇ ನಿಂತಿತು. ನೋಡಲು ಬಂದ ರಿಪೇರಿಯವನು, "ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಸಾರ್" ಎಂದ. ಫಾರ್ಮ್ಯಾಟ್ ಎಂದರೆ ಸ್ಲೇಟು ಒರೆಸಿದಂತೆ. ಯಂತ್ರವೇನೋ ಬದುಕೀತು, ಹಾಡು ಹೋದೀತು. ನಾನು ಒಪ್ಪಲಿಲ್ಲ.

ಇಂಥ ಹಳೆಯ ಕಂಪ್ಯೂಟರು ಏಳುವ ಬಗೆಯನ್ನು ಅರಿತರೆ ಅದು ಎಡವಿದ ಜಾಗವನ್ನೂ ಅರಿಯಬಹುದು. ವಿದ್ಯುತ್ತು ಹರಿದೊಡನೆ ಮೊದಲು ಕೆಲಸಕ್ಕೆ ತೊಡಗುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಬಯಾಸ್ ಎಂಬ ಚಿಕ್ಕ ಪ್ರೋಗ್ರಾಮು. ಅದು ಮೆಮೊರಿ, ಕೀಲಿಮಣೆ ಮೊದಲಾದವನ್ನು ಪರೀಕ್ಷಿಸಿ, ತರುವಾಯ ತನಗೆ ಹೇಳಿಟ್ಟ ಸರದಿಯಂತೆ ಫ್ಲಾಪಿ, ಸಿ.ಡಿ., ಹಾರ್ಡ್ ಡಿಸ್ಕ್‌ಗಳನ್ನು ವಿಚಾರಿಸುತ್ತದೆ. ಹಾರ್ಡ್ ಡಿಸ್ಕ್ ದೊರೆತರೆ ಅದರ ಮೊದಲ 512 ಬೈಟುಗಳನ್ನು ಓದುತ್ತದೆ. ಅವುಗಳ ಕೊನೆಯಲ್ಲಿ ಗೊತ್ತಾದ ಗುರುತು ಕಂಡರೆ ಯಜಮಾನಿಕೆಯನ್ನು ಡಿಸ್ಕಿಗೆ ಒಪ್ಪಿಸುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆಗಳು ಮೂರು. ಬಯಾಸಿಗೆ ಡಿಸ್ಕ್ ಕಾಣುತ್ತಿದೆಯೆ? ಕಂಡರೂ ಸರದಿ ತಪ್ಪಿದೆಯೆ? ಸರದಿಯೂ ಸರಿಯಿದ್ದರೆ, ಡಿಸ್ಕಿನ ಮೇಲಿನ ಬರಹ ಕೆಟ್ಟಿದೆಯೆ?

ನನ್ನ ಯಂತ್ರದ ಗಡಿಯಾರ ಜನವರಿ 1ಕ್ಕೆ ಹಿಂದಿರುಗಿತ್ತು. ಇದೊಂದು ಸುಳಿವು. ಗಡಿಯಾರವನ್ನೂ ಯಂತ್ರದ ಹೊಂದಾಣಿಕೆಗಳ ನೆನಪನ್ನೂ ಬ್ಯಾಟರಿಯೊಂದು ಕಾಪಾಡುವ ಏರ್ಪಾಡು 1984ರ ಐ.ಬಿ.ಎಂ. ಪಿ.ಸಿ. ಎ.ಟಿ. ಯಂತ್ರದಿಂದ ರೂಢಿಗೆ ಬಂದದ್ದು. ನನ್ನದರಲ್ಲಿದ್ದುದು ನಾಣ್ಯದಂಥ 3 ವೋಲ್ಟಿನ ಸಿ.ಆರ್. 2032. ಅದನ್ನು ಬದಲಿಸಿ, ಸರದಿಯನ್ನು ತಿದ್ದಿದೆ. ಆದರೂ ಏಳಲಿಲ್ಲ, ಬಯಾಸಿನ ಪಟ್ಟಿಯಲ್ಲಿ ಹಾರ್ಡ್ ಡಿಸ್ಕಿನ ಹೆಸರೇ ಇರಲಿಲ್ಲ.

ಕಾಣದ ಡಿಸ್ಕೆಲ್ಲ ಸತ್ತ ಡಿಸ್ಕಲ್ಲ. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಮೈಯ ಸ್ಥಾಯೀ ವಿದ್ಯುತ್ತು ಇಳಿಯಲೆಂದು ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಡಿಸ್ಕಿನ ಪಟ್ಟಿಯಂಥ ಕೇಬಲನ್ನು ಬಿಚ್ಚಿದೆ. 40 ಸೂಜಿಗಳ ಆ ಜೋಡಣೆಯಲ್ಲಿ ಒಂದು ಬದಿ ಸಡಿಲವಾಗಿತ್ತು. ಕೇಬಲಿನ ಬಣ್ಣದ ಅಂಚು ಒಂದನೆಯ ಸೂಜಿಯ ಕಡೆಗೇ ಬರುವಂತೆ ನೋಡಿ, ನೇರವಾಗಿ ಒತ್ತಿ ಕೂರಿಸಿದೆ. ಈ ಬಾರಿ ಪಟ್ಟಿಯಲ್ಲಿ ಡಿಸ್ಕಿನ ಹೆಸರು ಮೂಡಿತು. ಜೊತೆಗೆ ಒಳಗಿನಿಂದ ಟಕ್, ಟಕ್ ಎಂಬ ಸದ್ದೂ ಬಂದಿತು.

ನಾನು ಕೂಡಲೇ ಯಂತ್ರವನ್ನು ಆರಿಸಿದೆ. ಆ ಸದ್ದು, ಓದುವ ತೋಳು ತನ್ನ ನೆಲೆ ಕಾಣದೆ ತಡಕಾಡುತ್ತಿರುವುದರ ಲಕ್ಷಣ. ಅಂಥ ಡಿಸ್ಕನ್ನು ಮತ್ತೆ ಮತ್ತೆ ಎಬ್ಬಿಸುವುದೆಂದರೆ ರೋಗಿಯನ್ನು ಓಡಿಸಿ ನೋಡಿದಂತೆ. ತೀರ ಅಮೂಲ್ಯವಾದುದಿದ್ದರೆ ಮಾಹಿತಿ ಮರಳಿ ತೆಗೆಯುವ ತಜ್ಞರಲ್ಲಿಗೆ ಹೋಗುವುದೇ ವಿವೇಕ. ನಾನು ಅಷ್ಟು ತಾಳ್ಮೆ ತೋರದೆ, ಡಿಸ್ಕನ್ನು ಹೊರತೆಗೆದು ಅಡಾಪ್ಟರಿನ ಮೂಲಕ ತಮ್ಮನ ಮಗನ ಕಂಪ್ಯೂಟರಿಗೆ ಜೋಡಿಸಿ, ಮೊದಲು ಹಾಡುಗಳ ಕಡತವೊಂದನ್ನೇ ನಕಲು ಮಾಡಿಕೊಂಡೆ. ಮಿಕ್ಕದ್ದರಲ್ಲಿ ಅರ್ಧ ಬರುವಷ್ಟರಲ್ಲಿ ಡಿಸ್ಕ್ ನಿಂತುಹೋಯಿತು. ನಡೆದದ್ದು ಅದೃಷ್ಟ; ಇದನ್ನು ಮಾದರಿಯೆನ್ನಲಾರೆ.

ಕಡತವನ್ನು ತೆರೆದರೆ ಕನ್ನಡವಿರಲಿಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳಿದ್ದವು. ಯೂನಿಕೋಡ್ ಬಳಕೆಗೆ ಬರುವ ಮುನ್ನಿನ ಫಾಂಟಿನಲ್ಲಿ ಬರೆದದ್ದೆಂದು ನೆನಪಾಗಿ, ಪರಿವರ್ತಕವೊಂದರಲ್ಲಿ ಹಾಯಿಸಿದೆ. ಅತ್ತೆಯ ಪದಗಳು ಸಾಲುಸಾಲಾಗಿ ಹೊರಬಂದವು.

ಈಗ ಅವು ಮೂರು ಕಡೆ ಇವೆ, ಒಂದು ಪ್ರತಿ ಕಾಗದದ ಮೇಲೆ. ಆಕೆಯ ಕಂಠ ಮಾತ್ರ ಯಾವ ಡಿಸ್ಕಿನಲ್ಲಿಯೂ ಇಲ್ಲ. ಅದನ್ನು ಧ್ವನಿಮುದ್ರಿಸಿಡುವ ಬುದ್ಧಿ ಆಗ ನನಗೆ ಬರಲಿಲ್ಲ. ತಮ್ಮ ಮನೆಯಲ್ಲಿ ಹಾಡುವವರು ಇನ್ನೂ ಇದ್ದರೆ, ಅಟ್ಟ ಹತ್ತುವ ಮೊದಲು ಅವರ ಬಳಿ ಕುಳಿತುಕೊಳ್ಳಿ.